ಅಜ್ಜಿಯ ಅತ್ತೆ ಯಾರು?

ಹೊರದೇಶದ ಗೆಳೆಯರು ಬಂದರೆ ನನ್ನ ಹತ್ತಿರ ಒಂದು ಭಾಷಣ ರೆಡಿ ಇರುತ್ತದೆ. ಐವತ್ತು ರೂಪಾಯಿ ನೋಟಿನಿಂದ ಶುರು. ನೋಟನ್ನು ಮಗುಚಿ ಹಾಕಿ, ಎಡಗಡೆ ಇರುವ ಸಾಲುಗಳನ್ನು ಎಣಿಸು ಅನ್ನುತ್ತೇನೆ. 15 ಭಾಷೆ. ಹಿಂದಿ, ಇಂಗ್ಲಿಷ್ ಬೇರೆ ಜಾಗದಲ್ಲಿ ದೊಡ್ಡದಾಗಿ ಕೂತಿವೆ, ಸೇರಿಸಿದರೆ 17. ಮೇಲಿನಿಂದ ನಾಲ್ಕನೆಯದು ನಮ್ಮ ಕನ್ನಡ. ಪಕ್ಕದಲ್ಲೇ ಹಂಪಿಯ ಕಲ್ಲಿನ ರಥ. ಅದು ರಥವೇ ಅಲ್ಲ, ಗರುಡನ ಗುಡಿ. ಮುಂದೆ ನಿಂತಿರುವ ಆನೆಗಳೂ ಆಮೇಲೆ ತಂದಿಟ್ಟವು. ಇಷ್ಟು ಹೇಳುವಷ್ಟರಲ್ಲಿ ಕೇಳುವವರ ಕಣ್ಣು ಅರಳಿರಬೇಕು. ಸಾಮಾನ್ಯವಾಗಿ ಅರಳುತ್ತದೆ ಕೂಡ.

ಈ ಸಲ ಬಂದಿದ್ದ ಜರ್ಮನ್ ಗೆಳೆಯನ ಕಣ್ಣು ಮಾತ್ರ ನೋಟಿನ ಮೇಲೆ ಇರಲೇ ಇಲ್ಲ. ಟಿವಿ ಮೇಲಿನ ಗೋಡೆಯಲ್ಲಿದ್ದ ಫೋಟೋದ ಮೇಲಿತ್ತು. ಕೋಟು, ಪೇಟ ಹಾಕಿಕೊಂಡು ಕುರ್ಚಿಯಲ್ಲಿ ಕೂತ ಅಜ್ಜ. ಪಕ್ಕದಲ್ಲಿ ಕುರ್ಚಿಯ ಕೈ ಹಿಡಿದು ನಿಂತ ಅಜ್ಜಿ. ಯಾರೋ ಈಗಷ್ಟೇ ಬೈದ ಹಾಗೆ ಇಬ್ಬರ ಮುಖ.

'ಇವರಿಬ್ಬರು ಮೊದಲು ಎಲ್ಲಿ ಭೇಟಿಯಾದರು?' ಅಂತ ಕೇಳಿದ.

'ತೊಟ್ಟಿಲಲ್ಲಿ' ಅಂದುಬಿಟ್ಟೆ.

ಸುಮ್ನೆ ತಮಾಷೆಗೆ ಹೇಳಿದ್ದಲ್ಲ. ಅಜ್ಜಿಯ ನಾಮಕರಣದ ದಿನ ತೊಟ್ಟಿಲು ತೂಗಿದವರಲ್ಲಿ ಅಜ್ಜನೂ ಒಬ್ಬರು. ಆಗ ಅವರಿಗೆ ಹನ್ನೆರಡು ವರ್ಷ. ಅಕ್ಕನ ಮಗಳು ತಾನೇ, ತೂಗದೆ ಇರ್ತಾರಾ? ಮುಂದೆ ಅದೇ ಅಕ್ಕನ ಮಗಳನ್ನೇ ಮದುವೆಯಾದರು. ನಮ್ಮ ಕಡೆ ಇದು ಹೇಳಿಕೊಳ್ಳುವಂಥ ವಿಷಯವೇ ಆಗಿರಲಿಲ್ಲ. ಅವನಿಗೆ ಮಾತ್ರ ಕಾಫಿ ಗಂಟಲಿಗೆ ಸಿಕ್ಕಿಕೊಂಡಿತು.

ಅಲ್ಲಿಗೆ ಹಂಪಿ ಮುಗಿಯಿತು. ಹಳೇ ಲಗ್ನಪತ್ರಿಕೆಯ ಕವರ್ ಒಂದನ್ನು ಹರಿದು, ಒಳಮೈ ಮೇಲೆ ವಂಶವೃಕ್ಷ ಬರೆಯಲು ಕೂತ. ವೃಕ್ಷ ಅಂದರೆ ಕೊಂಬೆ ಕವಲೊಡೆಯುತ್ತಾ ಹೋಗಬೇಕಲ್ವಾ? ನಮ್ಮದು ಸುತ್ತು ಹಾಕಿಕೊಂಡು ವಾಪಸ್ ಕಾಂಡಕ್ಕೇ ಬಂತು. 'ಹಾಗಾದರೆ ನಿಮ್ಮ ಅಜ್ಜಿಯ ಅತ್ತೆ ಯಾರು?' ಅಂದ. ಅಜ್ಜಿಯ ಅಜ್ಜಿ, ಅಂದೆ. ಅವನು ಒಂದು ಬಾಣ ಎಳೆದ. ಅಜ್ಜ ತಮ್ಮ ಅತ್ತೆಯನ್ನು ಕೊನೆಯವರೆಗೂ 'ಅಕ್ಕಾ' ಅಂತಲೇ ಕರೆಯುತ್ತಿದ್ದರು, ಅಂದೆ. ಇನ್ನೊಂದು ಬಾಣ. ಅಷ್ಟರಲ್ಲಿ ಅಡುಗೆಮನೆಯಿಂದ ಅಮ್ಮ ಬಂದು, 'ನಮ್ಮಜ್ಜಿ ನನಗೆ ಸೋದರತ್ತೇನೂ ಆಗಬೇಕು, ಅದನ್ನೂ ಬರ್ಕೊಳ್ಳೋಕೆ ಹೇಳೋ' ಅಂದರು. ಅವನು ಪೆನ್ನು ಕೆಳಗಿಟ್ಟ.

ನಾನು ಭಾಷೆಯ ಆಸರೆ ಹಿಡಿದೆ. ನೋಡು, ಕನ್ನಡದಲ್ಲಿ ಅಮ್ಮನ ತಮ್ಮನೂ ಮಾವ, ಹೆಂಡತಿಯ ಅಪ್ಪನೂ ಮಾವ. ಅಪ್ಪನ ತಂಗಿಯೂ ಅತ್ತೆ, ಗಂಡನ ತಾಯಿಯೂ ಅತ್ತೆ. ಅಕ್ಕನ ಮಗನೂ ಅಳಿಯ, ಮಗಳ ಗಂಡನೂ ಅಳಿಯ. ಮದುವೆ ಆಗುವ ಮೊದಲೇ ಮಾತು ದಾರಿ ಮಾಡಿಟ್ಟಿದೆ. ಸೋದರಮಾವ, ಸೋದರತ್ತೆಯ ಮಕ್ಕಳನ್ನು ಮದುವೆಯಾಗಬಹುದು. ಆದರೆ ಚಿಕ್ಕಪ್ಪ, ದೊಡ್ಡಪ್ಪನ ಮಕ್ಕಳು ಅಣ್ಣ ತಂಗಿಯರೇ. ಅಲ್ಲಿ ಮದುವೆ ಅಂದರೆ ಥೂ, ಬಾಯಲ್ಲೂ ಆಡಬಾರದು. ಅವನು ಎರಡಕ್ಕೂ ಏನು ವ್ಯತ್ಯಾಸ ಅಂದ. ರಕ್ತದ ಲೆಕ್ಕದಲ್ಲಿ ಏನೂ ಇಲ್ಲ. ಅದನ್ನು ಒಪ್ಪಿಕೊಳ್ಳಲು ನನಗೆ ಮನಸ್ಸಿರಲಿಲ್ಲ.

ಮಕ್ಕಳ ಆರೋಗ್ಯಕ್ಕೆ ತೊಂದರೆ ಅಲ್ಲವೇ ಅಂತ ಮೆಲ್ಲಗೆ ಕೇಳಿದ. ಡಾಕ್ಟರುಗಳೂ ಅದನ್ನೇ ಹೇಳುತ್ತಾರೆ, ನಮ್ಮ ಮನೆಯಲ್ಲೂ ಆ ರೂಢಿ ನಿಂತು ಎಷ್ಟೋ ಕಾಲವಾಯಿತು. ಅವನು ಹೇಳಿದ್ದು ಸರಿ. ಸರಿಯಾಗಿದ್ದಕ್ಕೇ ನನಗೆ ಸಿಟ್ಟು ಬಂತು. ನಮ್ಮಜ್ಜಿ ಮದುವೆಯಾಗಿ ಹೋದದ್ದು ಅವರು ಬೇಸಿಗೆ ರಜೆ ಕಳೆದ ಮನೆಗೇ. ಉಪ್ಪಿನಕಾಯಿ ಭರಣಿ ಎಲ್ಲಿದೆ ಅಂತ ಕೇಳದೆ ಗೊತ್ತಿದ್ದ ಹೊಸ ಸೊಸೆ. ಇದನ್ನೂ ಹೇಳಬೇಕಿತ್ತು. ಇಂಗ್ಲಿಷಿನಲ್ಲಿ ಹೇಳಲು ಹೊರಟರೆ ಬರೀ ಕೇಸು ನಡೆಸಿದ ಹಾಗೆ ಆಗುತ್ತಿತ್ತು.

'ಹಾಗಾದರೆ ಇಂಡಿಯಾದಲ್ಲಿ ಹೀಗೆ' ಅಂತ ಬರೆದುಕೊಳ್ಳಲು ಹೊರಟ. ತಡೆದೆ. ಉತ್ತರ ಭಾರತದ ಹಿಂದೂ ಮನೆಗಳಲ್ಲಿ ಈ ಮಾತೆತ್ತಿದರೆ ಅವರೂ ನಿನ್ನ ಹಾಗೇ ಕೆಮ್ಮುತ್ತಾರೆ. 1955ರ ಹಿಂದೂ ವಿವಾಹ ಕಾಯ್ದೆಯಲ್ಲೂ ಸೋದರಮಾವ, ಅಕ್ಕನ ಮಗಳ ಮದುವೆಗೆ ನಿಷೇಧವೇ ಇದೆ. ರೂಢಿ ಇದ್ದರೆ ಆಗಬಹುದು ಅಂತ ಒಂದು ಕಿಂಡಿ ಬಿಟ್ಟಿದ್ದಾರೆ, ನಮ್ಮಂಥವರು ತೂರುವುದು ಅದರಲ್ಲೇ. ಅವನು 'ಇಂಡಿಯಾ' ಹೊಡೆದು 'ಸೌತ್' ಅಂತ ಬರೆದ. ಅದೂ ಪೂರ್ತಿ ಸರಿಯಿಲ್ಲ ಅನ್ನುವಷ್ಟರಲ್ಲಿ ಕವರಿನಲ್ಲಿ ಜಾಗ ಇರಲಿಲ್ಲ.

ಅವನು ಊರಿಗೆ ಹೋದ ಮೇಲೆ ಹೊಟ್ಟೆಯುರಿ ತಡೆಯದೆ ಅವರ ಕಾನೂನು ಹುಡುಕಿ ನೋಡಿದೆ. ಏನಿದೆ ಅಂತೀರಿ? ಜರ್ಮನಿಯಲ್ಲಿ ಮದುವೆಯಾಗಬಾರದ ರಕ್ತಸಂಬಂಧಿಗಳು ಅಂದರೆ ನೇರ ಪೀಳಿಗೆಯವರು ಮತ್ತು ಒಡಹುಟ್ಟಿದವರು, ಅಷ್ಟೇ. ಅಕ್ಕನ ಮಗಳಿಗೆ ಅಡ್ಡಿಯೇ ಇಲ್ಲ! ರೂಢಿ ತೋರಿಸು ಅಂತಲೂ ಕೇಳುವುದಿಲ್ಲ. ನಮ್ಮಜ್ಜ ಬರ್ಲಿನ್‌ನಲ್ಲಿ ಹುಟ್ಟಿದ್ದರೆ ಇನ್ನೂ ಸಲೀಸಾಗಿ ಮದುವೆಯಾಗುತ್ತಿದ್ದರು. ಅದೇ ರಾತ್ರಿ ಅವನಿಗೆ ಉದ್ದದ ಮೆಸೇಜು ಬರೆದೆ. ಮೂರು ಆಶ್ಚರ್ಯಸೂಚಕ ಜಾಸ್ತಿಯಾಯಿತು ಅಂತ ಈಗ ಅನಿಸುತ್ತದೆ.

ಅದಕ್ಕೆ ಅವನ ಉತ್ತರವಾಗಿ ಬಂದದ್ದು ಒಂದು ಫೋಟೋ. ಆ ಕವರನ್ನು ನೀಟಾಗಿ ಇನ್ನೊಂದು ಹಾಳೆಗೆ ಇಳಿಸಿ, ಫ್ರೇಮ್ ಹಾಕಿಸಿ, ಅಡುಗೆಮನೆಯಲ್ಲಿ ತೂಗುಹಾಕಿದ್ದಾನೆ. ಚೆನ್ನಾಗಿಯೇ ಇದೆ. ಆದರೆ ಒಂದು ಬಾಣ ತಪ್ಪು. ಅಜ್ಜಿಯನ್ನು ಅವರ ದೊಡ್ಡಪ್ಪನಿಗೆ ಕೊಟ್ಟು ಮದುವೆ ಮಾಡಿಬಿಟ್ಟಿದ್ದಾನೆ! ಗೊತ್ತಾದರೆ ಅಜ್ಜಿ ಗೋಡೆಯಿಂದ ಇಳಿದು ಬರುತ್ತಾರೆ. ತಕ್ಷಣ ತಿದ್ದಬೇಕು ಅಂತ ಫೋನು ಕೈಗೆತ್ತಿಕೊಂಡೆ. 'ನೀನು ತೋರಿಸಿರುವುದು ಅಂಕಲ್, ಅವರು ಮದುವೆಯಾದದ್ದು ಅಂಕಲ್‌ನ' ಅಂತ ಬರೆದು, ಅಳಿಸಿ, ಮತ್ತೆ ಬರೆಯುತ್ತಾ ಕೂತಿದ್ದೇನೆ.