ತ್ರಿಬಲ್ ಸೆವೆನ್ ಸಾಹೇಬರು

ನಾನೇ ಮಾಡಿದ ಫೋಲ್ಡರು, ನಾನೇ ಬರೆದ ಫೈಲು. ತೆರೆದು ಒಂದು ಸಾಲು ತಿದ್ದಿ ಸೇವ್ ಒತ್ತಿದರೆ ‘ಪರ್ಮಿಷನ್ ಡಿನೈಡ್’ ಅಂತೆ! ಬೆಳಗ್ಗೆ ಹತ್ತಿದ ಸಿಟ್ಟು ಇನ್ನೂ ಇಳಿದಿಲ್ಲ.

ಆಗಿದ್ದಿಷ್ಟೇ. ಹೊಸ ಲ್ಯಾಪ್‌ಟಾಪ್ ಕೊಟ್ಟರು, ಹಳೇ ಎನ್‌ಎಫ್‌ಎಸ್ ಶೇರನ್ನೇ (ಸರ್ವರ್‌ನಲ್ಲಿ ಕೂತು ಎಲ್ಲರ ಮಷೀನಿಗೂ ಕಾಣುವ ಫೋಲ್ಡರು) ಅದಕ್ಕೂ ಮೌಂಟ್ ಮಾಡಿದೆ, ಅಂದರೆ ಜೋಡಿಸಿದೆ. ಹೆಸರು ಅದೇ, ಪಾಸ್‌ವರ್ಡ್ ಅದೇ. ಆದರೆ ಎನ್‌ಎಫ್‌ಎಸ್‌ಗೆ ಇವೆರಡೂ ಬೇಡ, ಯೂಸರ್ ಐಡಿ ಅನ್ನೋ ನಂಬರ್ ಕೊಟ್ಟರೆ ಸಾಕು. ಹಳೇ ಮಷೀನಿನಲ್ಲಿ ನಾನು 1000. ಹೊಸದರಲ್ಲಿ ಯಾರೋ ಮೊದಲೇ ಒಂದು ಅಕೌಂಟ್ ಮಾಡಿಟ್ಟಿದ್ದರು, ಹಾಗಾಗಿ 1001. ಪಕ್ಕದ ಸೀಟಿನ ಸಾಹೇಬರು ತಮ್ಮ ಮಷೀನಿನಲ್ಲಿ 1000. ಅಲ್ಲಿ ಫೈಲು ಯಾರದು ಅಂತ ತೋರಿಸುವ ‘ಎಲ್‌ಎಸ್ ಮೈನಸ್ ಎಲ್’ ಹೊಡೆದರೆ ನನ್ನ ಫೈಲುಗಳೆಲ್ಲ ಅವರ ಹೆಸರಿಗೆ ಖಾತೆಯಾಗಿ ಕೂತಿವೆ. ರಿಜಿಸ್ಟ್ರೇಷನ್ನೂ ಇಲ್ಲ, ಸಹಿಯೂ ಇಲ್ಲ.

ಈ ಸಾಹೇಬರಿಗೆ ಎರರ್ ಪೂರ್ತಿ ಓದುವ ಅಭ್ಯಾಸವಿಲ್ಲ. ‘ಪರ್ಮಿಷನ್’ ಅನ್ನೋದು ಕಣ್ಣಿಗೆ ಬಿದ್ದರೆ ಸಾಕು, ಕುರ್ಚಿ ಸಮೇತ ಉರುಳಿಕೊಂಡು ಬರುತ್ತಾರೆ. ‘ಸ್ವಲ್ಪ ಸರೀರಿ’ ಅಂತ ನನ್ನ ಕೀಬೋರ್ಡ್ ತಮ್ಮ ಕಡೆ ಎಳೆದುಕೊಳ್ಳುತ್ತಾರೆ. ಬೆರಳುಗಳು ತಾವಾಗಿಯೇ ಓಡುತ್ತವೆ: ಸುಡೋ, ಚ್‌ಮಾಡ್, ಮೈನಸ್ ಆರ್, 777. ಅಂದರೆ ರೂಟ್ ಅನ್ನೋ ಎಲ್ಲ ಅಧಿಕಾರದ ಅಕೌಂಟಿನ ಹೆಸರಲ್ಲಿ, ಫೋಲ್ಡರಿನೊಳಗಿನ ಎಲ್ಲಕ್ಕೂ ಒಂದೇ ಅನುಮತಿ: ಲೋಕದಲ್ಲಿ ಯಾರು ಬೇಕಾದರೂ ಓದಬಹುದು, ಬರೆಯಬಹುದು, ರನ್ ಮಾಡಬಹುದು. ಆಮೇಲೆ ಒಂದು ನಗು ಬೇರೆ.

ಇವತ್ತು ನಗು ಬರಲಿಲ್ಲ. ‘ಆಪರೇಷನ್ ನಾಟ್ ಪರ್ಮಿಟೆಡ್’ ಅಂತು. ಅದನ್ನೇ ಮತ್ತೆ ಹೊಡೆದರು, ಎಂಟರ್ ಮಾತ್ರ ಜೋರಾಗಿ ಕುಟ್ಟಿದರು. ಅದೇ ಉತ್ತರ. ಕೊನೆಗೆ ಸ್ಕ್ರೀನ್ ಕಡೆ ಬೆರಳು ತೋರಿಸಿ, ‘ಏಯ್, ನಾನು ರೂಟ್ ಕಣೋ!’ ಅಂದರು. ಸುತ್ತಲಿನವರೆಲ್ಲ ತಿರುಗಿ ನೋಡಿದರು. ಸರ್ವರ್ ತಿರುಗಿ ನೋಡಲಿಲ್ಲ. ಅಲ್ಲಿ ರೂಟ್ ಸ್ಕ್ವಾಷ್ ಇರುತ್ತದೆ ಅಲ್ವಾ? ಬೇರೆ ಮಷೀನಿನ ರೂಟ್ ಬಂದು ನನ್ನ ನಂಬರ್ 0 ಅಂದರೆ, ಯಾವ ಅಧಿಕಾರವೂ ಇಲ್ಲದ 65534 ಅಂತ ಬರೆದುಕೊಂಡು ಮೂಲೆಗೆ ಕೂರಿಸುತ್ತದೆ.

ಸಾಹೇಬರು ಬಿಡಲಿಲ್ಲ. ನೇರ ಸರ್ವರ್‌ಗೇ ಲಾಗಿನ್ ಆಗಿ ಹೊಡೆದರು. ಅಲ್ಲಿ ನಡೆಯಿತು, ಯಾಕೆ ನಡೆಯಲ್ಲ. ಆದರೆ ಮಧ್ಯಾಹ್ನ ಹುಟ್ಟಿದ ಹೊಸ ಫೈಲುಗಳೆಲ್ಲ, ಹುಟ್ಟುವಾಗಲೇ ಅನುಮತಿ ಕತ್ತರಿಸುವ ಯುಮಾಸ್ಕ್ 022 ಹೇಳಿದಂತೆ, ಮತ್ತೆ 644; ಅಂದರೆ ಬರೆಯೋದು ಮಾಲೀಕ ಮಾತ್ರ, ಉಳಿದವರು ಓದಬಹುದಷ್ಟೇ. ಜೊತೆಗೆ ನಮ್ಮ ಹೋಮ್ ಡೈರೆಕ್ಟರಿಗಳೂ (ಲಾಗಿನ್ ಕೀ ಇರುವ ಸ್ವಂತ ಫೋಲ್ಡರುಗಳು) ಅದೇ ಶೇರಿನಲ್ಲಿವೆ. ಬೇರೆ ಮಷೀನಿಗೆ ಲಾಗಿನ್ ಮಾಡಿಸುವ ಎಸ್‌ಎಸ್‌ಎಚ್ ಈಗ ನನ್ನ ಕೀ ನೋಡಿ, ಇಷ್ಟು ಬಟಾಬಯಲಲ್ಲಿರುವ ಕೀ ನನಗೆ ಬೇಡ ಅನ್ನುತ್ತಿದೆ. ಒಂದು ಫೈಲು ತಿದ್ದಲು ಹೋಗಿ ಲಾಗಿನ್ನೇ ಹೋಯಿತು.

ಪಾಪ, ಎನ್‌ಎಫ್‌ಎಸ್ ಮೇಲೆ ಪೂರ್ತಿ ಸಿಟ್ಟು ಮಾಡೋಕೂ ಮನಸ್ಸು ಬರಲ್ಲ. ಸನ್ ಮೈಕ್ರೋಸಿಸ್ಟಮ್ಸ್ ಇದನ್ನು ತಂದಿದ್ದು 1984ರಲ್ಲಿ. ಕಂಪ್ಯೂಟರ್‌ಗಳೆಲ್ಲ ಒಬ್ಬ ಅಡ್ಮಿನ್ ಕೈಯಲ್ಲಿರುತ್ತವೆ ಅನ್ನೋ ಲೆಕ್ಕ. ‘ನಾನು 1000’ ಅಂತ ಒಂದು ಮಷೀನು ಹೇಳಿದರೆ ಇನ್ನೊಂದು ಸುಮ್ನೆ ನಂಬುತ್ತಿತ್ತು. ನೀನು ಯಾರು ಅಂತ ಪರೀಕ್ಷಿಸುವ ಕರ್ಬರೋಸ್ ಹಾಕದಿದ್ದರೆ ಈಗಲೂ ನಂಬುತ್ತದೆ. ಅಷ್ಟು ನಂಬಿಕೆಯಿಂದ ಯಾರಾದರೂ ಇನ್ನು ಸಾಫ್ಟ್‌ವೇರ್ ಬರೆಯುತ್ತಾರಾ?

ಎಲ್ಲ ಮಷೀನಿನಲ್ಲೂ ಒಬ್ಬರಿಗೆ ಒಂದೇ ನಂಬರ್ ಕೊಡಿ, ಶೇರಿಗೆ ಒಂದು ಗ್ರೂಪ್ ಮಾಡಿ, ಹೊಸ ಫೈಲುಗಳೂ ಆ ಗ್ರೂಪಿಗೇ ಸೇರಿ ಗ್ರೂಪಿನವರೆಲ್ಲ ತಿದ್ದುವಂತೆ ಫೋಲ್ಡರಿಗೆ 2775, ಯುಮಾಸ್ಕ್ 002 ಇಡಿ ಅಂತ ಸಾಹೇಬರಿಗೆ ಹೇಳಿದೆ. ತಲೆಯಾಡಿಸಿ ಹೋಗಿ 777 ಅನ್ನು ಕ್ರಾನ್‌ಗೆ ಹಾಕಿ ಬಂದರು, ಗಂಟೆಗೊಮ್ಮೆ ಓಡುತ್ತದಂತೆ.

ಮುಂದಿನ ವಾರ ಟೀಮಿಗೆ ಒಂದು ಮ್ಯಾಕ್ ಬರುತ್ತಿದೆ. ಅದರಲ್ಲಿ ಮೊದಲ ಯೂಸರ್ ನಂಬರೇ 501, ಏನು ಮಾಡೋಣ ಅಂತ ಕೇಳಿದೆ.

‘ಅದಕ್ಕೇನಂತೆ, ಐದು ನಿಮಿಷಕ್ಕೊಮ್ಮೆ ಓಡಿಸೋಣ ಬಿಡಿ’ ಅಂದರು.