ಹೆಸರಿಗೆ ಸ್ಕ್ರಿಪ್ಟ್ ಫಾಂಟ್ ಹಾಕಿ, ವಿಳಾಸಕ್ಕೆ ಬೇಡ

ಮೊನ್ನೆ ಒಂದು ಮದುವೆ ಕಾರ್ಡ್ ಕೈಗೆ ಬಂತು. ಮೇಲೆ ಇಬ್ಬರ ಹೆಸರು ಇಂಗ್ಲಿಷಿನಲ್ಲಿ, ಕೈಯಲ್ಲೇ ಬರೆದಂತಿರುವ ಸ್ಕ್ರಿಪ್ಟ್ ಫಾಂಟಿನಲ್ಲಿ. ಎಷ್ಟು ಚೆನ್ನಾಗಿತ್ತು ಅಂದ್ರೆ ಸುಮ್ನೆ ನೋಡ್ತಾ ಕೂತಿದ್ದೆ. ಆದರೆ ಕೆಳಗೆ ವಿಳಾಸ, ಸಮಯ ಎಲ್ಲವೂ ಅದೇ ಫಾಂಟು, ಅದೂ ಸಣ್ಣಕ್ಷರದಲ್ಲಿ. 1 ಯಾವುದು 7 ಯಾವುದು ಅಂತ ತಿಳಿಯದೆ ಕೊನೆಗೆ ಫೋನ್ ಮಾಡಿ ಕೇಳಿದೆ.

ಈ ಫಾಂಟುಗಳೆಂದರೆ ನನಗೆ ಪ್ರಾಣ. ಅದಕ್ಕೇ ಬೇಜಾರು.

ಇವುಗಳಲ್ಲಿ ಎಷ್ಟೋ ಫಾಂಟುಗಳ ಚೆಲುವು ಹುಟ್ಟಿದ್ದು ಚೂಪಾದ ನಿಬ್ಬಿನಿಂದ. ಕೆಳಗೆ ಎಳೆಯುವಾಗ ಒತ್ತಿದರೆ ನಿಬ್ಬಿನ ಸೀಳು ಅಗಲವಾಗಿ ಗೆರೆ ದಪ್ಪ ಬರುತ್ತದೆ, ಮೇಲಕ್ಕೆ ಒಯ್ಯುವಾಗ ಕೈ ಹಗುರ ಮಾಡಿದರೆ ಕೂದಲೆಳೆಯಷ್ಟು ತೆಳು. ಈ ದಪ್ಪ-ತೆಳು ಏರಿಳಿತವೇ ಕಣ್ಣಿಗೆ ಹಿತ. ಸ್ನೆಲ್ ರೌಂಡ್‌ಹ್ಯಾಂಡ್ ನೋಡಿ. 17ನೇ ಶತಮಾನದ ಬರವಣಿಗೆ ಮೇಷ್ಟ್ರು ಚಾರ್ಲ್ಸ್ ಸ್ನೆಲ್ ಅವರ ಕೈಬರಹವನ್ನು ನೋಡಿಕೊಂಡು ಮ್ಯಾಥ್ಯೂ ಕಾರ್ಟರ್ 1960ರ ದಶಕದಲ್ಲಿ ಮಾಡಿದ ಫಾಂಟ್ ಅದು. ಅಷ್ಟು ಹಳೆಯ ಕೈಯ ಓಟ ಇವತ್ತಿನ ಸ್ಕ್ರೀನಿನ ಮೇಲೂ ಉಳಿದಿದೆ ಅಲ್ವಾ!

ನನಗೆ ಎಲ್ಲಕ್ಕಿಂತ ಇಷ್ಟ ಜಾಫಿನೋ. ಫಾಂಟ್ ವಿನ್ಯಾಸಕಾರ ಹರ್ಮನ್ ಜಾಫ್ ಮಾಡಿದ ಫಾಂಟ್, 1998ರಲ್ಲಿ ಬಂತು. ನಾವು ಕೈಯಲ್ಲಿ ಬರೆಯುವಾಗ ಒಂದೇ ಅಕ್ಷರ ಎರಡು ಸಲ ಒಂದೇ ಥರ ಬರುವುದಿಲ್ಲ. ಫಾಂಟಿನಲ್ಲಿ ಬಂದುಬಿಡುತ್ತದೆ, ಅಲ್ಲೇ ಅದು ಕೈಬರಹ ಅಲ್ಲ ಅಂತ ಗೊತ್ತಾಗೋದು. ಜಾಫಿನೋದಲ್ಲಿ ಒಂದೊಂದು ಅಕ್ಷರಕ್ಕೂ ಹಲವು ರೂಪಗಳಿವೆ. ಪಕ್ಕದಲ್ಲಿ ಯಾವ ಅಕ್ಷರ ಬಂತು ಅಂತ ನೋಡಿ ಫಾಂಟೇ ರೂಪ ಬದಲಿಸುತ್ತದೆ, ಕೆಲವು ಅಕ್ಷರಗಳನ್ನು ಬೆಸೆದೂ ಬಿಡುತ್ತದೆ. ನೀವು ಬಳಸುವ ಫಾಂಟಿನಲ್ಲೂ ಇಂಥ ಬದಲಿ ರೂಪಗಳಿದ್ದರೆ ಸಾಫ್ಟ್‌ವೇರಿನಲ್ಲಿ ಹುಡುಕಿ ಆನ್ ಮಾಡಿಕೊಳ್ಳಿ. ಎಷ್ಟೋ ಜನ ಆ ಮೆನು ತೆರೆದೇ ನೋಡಿರುವುದಿಲ್ಲ.

ಹಾಗಾದರೆ ಎಲ್ಲಿ ಹಾಕಬೇಕು? ಕಾರ್ಡಿನ ಹೆಸರು, ಪ್ರಮಾಣಪತ್ರದಲ್ಲಿ ಪಡೆದವರ ಹೆಸರು, ಲೋಗೋ, ಪುಸ್ತಕದ ಮುಖಪುಟ. ನಾಲ್ಕೈದು ಪದ, ಸುತ್ತ ಧಾರಾಳ ಜಾಗ. ಅಕ್ಷರಗಳ ಆ ಉದ್ದ ಬಾಲಗಳಿಗೆ ಉಸಿರಾಡಲು ಜಾಗ ಬೇಕು. ಮಿಕ್ಕಿದ್ದಕ್ಕೆಲ್ಲ ಅಲಂಕಾರವಿಲ್ಲದ ನೇರ ಫಾಂಟ್ ಸಾಕು. ಪಕ್ಕದಲ್ಲಿ ಇನ್ನೊಂದು ಸ್ಕ್ರಿಪ್ಟ್ ಫಾಂಟ್ ಮಾತ್ರ ಬೇಡವೇ ಬೇಡ, ಎರಡೂ ಕಿತ್ತಾಡುತ್ತವೆ.

ಇನ್ನೆರಡು ತಪ್ಪು ಜಾಸ್ತಿ ಕಾಣುತ್ತೇನೆ. ಇಡೀ ಹೆಸರನ್ನು ಕ್ಯಾಪಿಟಲ್ ಅಕ್ಷರದಲ್ಲೇ ಹಾಕುವುದು. ಈ ಕ್ಯಾಪಿಟಲ್‌ಗಳು ಪದದ ಮೊದಲಲ್ಲಿ ಒಂಟಿಯಾಗಿ ನಿಲ್ಲಲೆಂದೇ ಬರೆದವು, ಸಾಲಾಗಿ ನಿಲ್ಲಿಸಿದರೆ ಬಳ್ಳಿ ಸಿಕ್ಕುಬಿದ್ದ ಹಾಗೆ ಕಾಣುತ್ತದೆ. ಇನ್ನೊಂದು, ಅಕ್ಷರಗಳ ನಡುವೆ ಅಂತರ ಹೆಚ್ಚಿಸುವುದು. ಕೂಡಿಕೊಂಡಿದ್ದ ಗೆರೆಗಳು ತುಂಡಾಗುತ್ತವೆ, ಓಟವೇ ನಿಂತುಹೋಗುತ್ತದೆ.

ಪ್ರಿಂಟಿಗೆ ಕೊಡುವ ಮೊದಲು ದಯವಿಟ್ಟು ನಿಜವಾದ ಅಳತೆಯಲ್ಲೇ ಒಂದು ಪ್ರತಿ ತೆಗೆಯಿರಿ. ಸ್ಕ್ರೀನಿನಲ್ಲಿ ದೊಡ್ಡದಾಗಿ ಕಂಡ ತೆಳು ಗೆರೆ ಕಾಗದದ ಮೇಲೆ ಮಾಯವಾಗಿರಬಹುದು. ಆಮೇಲೆ ಆ ಹೆಸರು ಮೊದಲೇ ಗೊತ್ತಿಲ್ಲದ ಯಾರಿಗಾದರೂ ಕೊಟ್ಟು ಓದಿಸಿ. ಅವರು ತಡವರಿಸಿದರೆ ಬೇರೆ ಫಾಂಟ್ ಹುಡುಕಿ.