ಸಿನ್ನರ್ ಅಲ್ಲ ಅಲ್ಕರಾಜ್

ಹಳೆಯ ಕಾಲದ ಜೋಯಿಸರೊಬ್ಬರ ಕಥೆ ನಿಮಗೆ ಗೊತ್ತಿರಬಹುದು. ಬಸುರಿಯ ಮನೆಯವರು ಬಂದು ಹುಟ್ಟುವುದು ಗಂಡೋ ಹೆಣ್ಣೋ ಎಂದು ಕೇಳಿದರೆ ಅವರು ಬಾಯಿಬಿಟ್ಟು ಹೇಳುತ್ತಿರಲಿಲ್ಲ. ಚೀಟಿಯ ಮೇಲೆ ‘ಗಂಡು ಅಲ್ಲ ಹೆಣ್ಣು’ ಎಂದು ಬರೆದು, ನಾಲ್ಕು ಮಡಿಕೆ ಮಡಚಿ, ಹೆರಿಗೆಯಾದ ಮೇಲೆ ತೆಗೆದುಕೊಂಡು ಬನ್ನಿ ಎನ್ನುತ್ತಿದ್ದರು. ಹೆಣ್ಣಾದರೆ ‘ಗಂಡು ಅಲ್ಲ, ಹೆಣ್ಣು’ ಎಂದು ಓದುವುದು. ಗಂಡಾದರೆ ‘ಗಂಡು, ಅಲ್ಲ ಹೆಣ್ಣು’ ಎಂದು ಓದುವುದು. ಎರಡು ಸಲವೂ ದಕ್ಷಿಣೆ ಖಾತ್ರಿ. ಆ ಜೋಯಿಸರು ಎಂದೋ ತೀರಿಕೊಂಡರು ಎಂದೇ ನಾನು ತಿಳಿದಿದ್ದೆ. ಇಲ್ಲ, ಕೋಟು ತೊಟ್ಟು, ಕಿವಿಗೆ ಮೈಕು ಸಿಕ್ಕಿಸಿಕೊಂಡು ಟೆನಿಸ್ ವಿಶ್ಲೇಷಕರಾಗಿದ್ದಾರೆ.

2025ರ ವಿಂಬಲ್ಡನ್ ಡ್ರಾ, ಅಂದರೆ ಯಾರಿಗೆ ಯಾರು ಎದುರಾಳಿ ಎಂಬ ಪಟ್ಟಿ, ಹೊರಬಿದ್ದದ್ದು ಜೂನ್ 27ರ ಶುಕ್ರವಾರ. ನಮ್ಮಲ್ಲಿ ಆಗ ಮಧ್ಯಾಹ್ನದ ಊಟ ಮುಗಿದು ಕಣ್ಣು ಎಳೆಯುವ ಹೊತ್ತು. ಸಂಜೆಯ ಕಾಫಿಯ ವೇಳೆಗೆ ವಿಶ್ಲೇಷಕರೆಲ್ಲ ಸೇರಿ ಟೂರ್ನಿಯನ್ನು ಆಡಿ ಮುಗಿಸಿಬಿಟ್ಟಿದ್ದರು. ಒಂದು ವಿಭಾಗದಲ್ಲಿ 128 ಆಟಗಾರರು ಎಂದರೆ 127 ಪಂದ್ಯ. ಅಷ್ಟೂ ಪಂದ್ಯಗಳ ಫಲಿತಾಂಶ ಸಿದ್ಧವಿತ್ತು. ಹುಲ್ಲಿಗೆ ಇನ್ನೂ ಒಬ್ಬರ ಬೂಟೂ ಸೋಕಿರಲಿಲ್ಲ, ಆಗಲೇ ‘ಎಂಟರ ಘಟ್ಟದಲ್ಲಿ ಇವರಿಗೆ ಅವರು ಎದುರಾಗುತ್ತಾರೆ, ಅಲ್ಲಿ ಸ್ವಲ್ಪ ಜಾಗ್ರತೆ ಬೇಕು’ ಎಂಬ ಹಿತವಚನ. ಕೂಸು ಹುಟ್ಟುವ ಮುನ್ನ ಕುಲಾವಿ ಹೊಲಿಸಿದರು ಎನ್ನುವುದು ನಮ್ಮ ಹಿರಿಯರ ಕುಹಕ. ಇಲ್ಲಿ ಕುಲಾವಿಯ ಜೊತೆಗೆ ಆ ಕೂಸಿನ ಮದುವೆಗೆ ಛತ್ರವನ್ನೂ ಗೊತ್ತುಮಾಡಿದ್ದರು.

ನಾನೇನು ಸಾಚಾ ಅಲ್ಲ. ಡ್ರಾ ಪಟ್ಟಿಯನ್ನು ಮುದ್ರಿಸಿ ತಂದು, ಫ್ರಿಜ್ಜಿನ ಬಾಗಿಲಿಗೆ ಹಾಲಿನ ಲೆಕ್ಕದ ಚೀಟಿಯ ಪಕ್ಕದಲ್ಲೇ ಅಂಟಿಸಿ, ಪೆನ್ನಿನಲ್ಲಿ ತುಂಬಿದ್ದೆ. ಪೆನ್ಸಿಲ್ ಹಿಡಿಯುವವರು ಹೇಡಿಗಳು ಎಂಬ ಭಾವನೆ ನನಗೆ ಆಗ ಇತ್ತು. ಮಹಿಳೆಯರ ಫೈನಲ್‌ಗೆ ಅರಿನಾ ಸಬಲೆಂಕಾ ಮತ್ತು ಕೊಕೊ ಗಾಫ್. ಪುರುಷರಲ್ಲಿ ಜ್ವರೇವ್ ಅವರನ್ನು ಕೈಹಿಡಿದು ಸೆಮಿಫೈನಲ್‌ವರೆಗೆ ಕರೆದೊಯ್ದಿದ್ದೆ.

ಮೊದಲ ಸುತ್ತಿಗೆ ಹಿಡಿದದ್ದು ಎರಡೇ ದಿನ. ಮೂರನೇ ಶ್ರೇಯಾಂಕದ ಜ್ವರೇವ್ ಐದು ಸೆಟ್ ಒದ್ದಾಡಿ ಆರ್ಥರ್ ರಿಂಡರ್‌ನೆಕ್‌ಗೆ ಸೋತರು. ಮೆಡ್ವೆಡೇವ್ ಹೋದರು, ರೂನ್ ಹೋದರು, ಮುಸೆಟ್ಟಿ ಹೋದರು. ಮೂರೇ ವಾರಗಳ ಹಿಂದೆ ಪ್ಯಾರಿಸ್‌ನಲ್ಲಿ ಫ್ರೆಂಚ್ ಓಪನ್ ಕಪ್ ಎತ್ತಿದ್ದ ಗಾಫ್ ಒಂಬತ್ತು ಡಬಲ್ ಫಾಲ್ಟ್ ಮಾಡಿ, ಅಂದರೆ ಒಂಬತ್ತು ಸಲ ಎರಡೂ ಸರ್ವ್ ತಪ್ಪಿಸಿ, ಡಯಾನಾ ಯಾಸ್ಟ್ರೆಮ್ಸ್ಕಾಗೆ ಪಂದ್ಯ ಒಪ್ಪಿಸಿದರು. ಎರಡೂ ವಿಭಾಗ ಸೇರಿ 64 ಶ್ರೇಯಾಂಕಿತರ ಪೈಕಿ 23 ಮಂದಿ ಮೊದಲ ಸುತ್ತಿನಲ್ಲೇ ಮನೆಗೆ. ನನ್ನ ಫ್ರಿಜ್ಜಿನ ಬಾಗಿಲು ಗಣಿತದ ಮೇಷ್ಟರು ಕೆಂಪು ಶಾಯಿಯಲ್ಲಿ ತಿದ್ದಿದ ಉತ್ತರಪತ್ರಿಕೆಯಂತಾಗಿತ್ತು.

ಬುಧವಾರ ಬೆಳಿಗ್ಗೆಯೇ ಭಾವನಿಗೆ ಫೋನ್ ಮಾಡಿದೆ. ಗಾಫ್ ಹೆಸರನ್ನು ನನ್ನ ತಲೆಗೆ ತುಂಬಿದವರು ಅವರೇ.

“ಭಾವ, ನಿಮ್ಮ ಗಾಫ್ ಸೋತರಲ್ಲ?”

“ಸೋಲದೆ ಏನು ಮಾಡುತ್ತಾಳೆ? ಸರ್ವ್ ಬಿದ್ದರೆ ಗೆಲ್ಲುತ್ತಾಳೆ ಎಂದು ನಾನು ಮೊದಲೇ ಹೇಳಿರಲಿಲ್ಲವೇ?”

“ಫೈನಲ್ ಎಂದಿರಿ.”

“ಸರ್ವ್ ಬಿದ್ದರೆ ಎಂದೆ. ನೀನು ‘ರೆ’ ಕೇಳಿಸಿಕೊಂಡಿಲ್ಲ.”

ಅಂದಿನಿಂದ ನಾನು ಈ ‘ರೆ’ಯ ಬೆನ್ನು ಹತ್ತಿದ್ದೇನೆ. ಟೆನಿಸ್ ವಿಶ್ಲೇಷಣೆಯ ಇಡೀ ಅರಮನೆ ನಿಂತಿರುವುದು ಈ ಒಂದು ಅಕ್ಷರದ ಮೇಲೆ. ಮೊದಲ ಸರ್ವ್ ಸರಿಯಾಗಿ ಬಿದ್ದರೆ, ಬ್ಯಾಕ್‌ಹ್ಯಾಂಡ್ ಕೈಕೊಡದಿದ್ದರೆ, ಆರಂಭದಲ್ಲೇ ಎದುರಾಳಿಯ ಸರ್ವ್ ಮುರಿದರೆ, ಒತ್ತಡ ನಿಭಾಯಿಸಿದರೆ. ಚಿಕ್ಕಮ್ಮನಿಗೆ ಮೀಸೆ ಬಂದರೆ ಚಿಕ್ಕಪ್ಪ ಎಂಬುದಕ್ಕಿಂತ ಇದು ಹೇಗೆ ಬೇರೆ ಎಂದು ನನಗೆ ಇನ್ನೂ ತಿಳಿದಿಲ್ಲ. ‘ಎದುರಾಳಿಗಿಂತ ಹೆಚ್ಚು ಸೆಟ್ ಗೆದ್ದರೆ ಪಂದ್ಯ ಇವರದೇ’ ಎಂದು ಹೇಳುವ ಧೈರ್ಯವೊಂದನ್ನು ಮಾತ್ರ ಯಾರೂ ಇನ್ನೂ ಮಾಡಿಲ್ಲ. ಅದಕ್ಕೂ ಕಾಲ ಬಂದೀತು.

‘ರೆ’ ಇಲ್ಲದ ಕಡೆ ‘ಲಯ’ ಇರುತ್ತದೆ. ಇವರು ಉತ್ತಮ ಲಯದಲ್ಲಿದ್ದಾರೆ, ಅವರಿಗೆ ಇನ್ನೂ ಲಯ ಸಿಕ್ಕಿಲ್ಲ. ಈ ಲಯದ ಲೆಕ್ಕವನ್ನು ಅದೇ ಟೂರ್ನಿಯಲ್ಲಿ ನಾನು ಹಾಕಿ ನೋಡಿದೆ. ವಿಂಬಲ್ಡನ್ ಶುರುವಾಗುವ ಎರಡು ದಿನ ಮೊದಲು ಜರ್ಮನಿಯ ಬಾಡ್ ಹೊಂಬುರ್ಗ್‌ನಲ್ಲಿ, ಹುಲ್ಲಿನ ಅಂಕಣದಲ್ಲೇ, ಜೆಸಿಕಾ ಪೆಗುಲಾ ಫೈನಲ್‌ನಲ್ಲಿ ಇಗಾ ಶ್ವಾಂಟೆಕ್ ಅವರನ್ನು ನೇರ ಸೆಟ್‌ಗಳಲ್ಲಿ ಸೋಲಿಸಿದ್ದರು. ಅಂದ ಮೇಲೆ ಲಯ ಪೆಗುಲಾ ಅವರದು. ಶ್ವಾಂಟೆಕ್‌ಗೆ ಹುಲ್ಲು ಒಗ್ಗುವುದಿಲ್ಲ ಎಂಬುದಂತೂ ವರ್ಷಗಳಿಂದ ನಡೆದುಬಂದ ಶಾಸ್ತ್ರ. ಅವರು ಜೇಡಿಮಣ್ಣಿನ ರಾಣಿ, ವಿಂಬಲ್ಡನ್‌ನಲ್ಲಿ ಅಲ್ಲಿಯವರೆಗೆ ಕ್ವಾರ್ಟರ್‌ಫೈನಲ್ ದಾಟಿದವರಲ್ಲ, ಒಂದು ವರ್ಷಕ್ಕೂ ಮೀರಿ ಒಂದು ಪ್ರಶಸ್ತಿಯನ್ನೂ ಗೆದ್ದವರಲ್ಲ. ಮೂರು ದಿನ ಕಳೆಯಿತು. ಲಯದಲ್ಲಿದ್ದ ಪೆಗುಲಾ 58 ನಿಮಿಷದಲ್ಲಿ ಮೊದಲ ಸುತ್ತಿನಲ್ಲಿ ಸೋತು ಸೂಟ್‌ಕೇಸ್ ಮುಚ್ಚಿದರು. ಹುಲ್ಲು ಒಗ್ಗದ ಶ್ವಾಂಟೆಕ್ ಅಮಂಡಾ ಅನಿಸಿಮೋವಾ ಎದುರು 57 ನಿಮಿಷದಲ್ಲಿ ಫೈನಲ್ ಗೆದ್ದು ಬಹುಮಾನದ ತಟ್ಟೆ ಎತ್ತಿಕೊಂಡರು. ಅದೂ 6–0, 6–0. ವಿಂಬಲ್ಡನ್ ಮಹಿಳಾ ಫೈನಲ್‌ನಲ್ಲಿ ಹಾಗೆ ಆದದ್ದು 1911ರ ಬಳಿಕ ಅದೇ ಮೊದಲು.

ಆ ಎರಡು ವಾರಗಳಲ್ಲಿ ಶ್ವಾಂಟೆಕ್ ಬಗ್ಗೆ ಇಂಗ್ಲೆಂಡಿನವರು ನಿಜವಾಗಿ ಬೆರಗಾದದ್ದು ಒಂದೇ ಸಂಗತಿಗೆ. ಪಾಸ್ತಾಗೆ ಸ್ಟ್ರಾಬೆರಿ ಕಲಸಿಕೊಂಡು ತಿನ್ನುವುದು ತನಗೆ ಇಷ್ಟ ಎಂದು ಅವರು ಹೇಳಿದ್ದರು. ಶಾವಿಗೆಗೆ ಹಾಲು, ಬೆಲ್ಲ, ಬಾಳೆಹಣ್ಣು ಹಾಕಿ ತಿನ್ನುವ ನಮಗೆ ಇದರಲ್ಲಿ ಬೆರಗೇನೂ ಕಾಣದು. ಆದರೆ ಗಮನಿಸಿ, ಚಾಂಪಿಯನ್ ಆಗುವವರನ್ನು ಗುರುತಿಸಲು ಬಳಸಿದ ನೂರೆಂಟು ಮಾನದಂಡಗಳಲ್ಲಿ ಶಾವಿಗೆಯ ಪ್ರಸ್ತಾಪ ಎಲ್ಲೂ ಇರಲಿಲ್ಲ.

ಮನುಷ್ಯರ ಭವಿಷ್ಯ ಹೀಗೆ ನೆಲಕಚ್ಚಿದಾಗ ಯಂತ್ರ ಇದ್ದೇ ಇದೆಯಲ್ಲ. ಈಗ ವಿಂಬಲ್ಡನ್‌ನ ಆ್ಯಪ್ ತೆರೆದರೆ ಪಂದ್ಯ ನಡೆಯುತ್ತಿರುವಾಗಲೇ ಯಾರು ಗೆಲ್ಲುವ ಸಾಧ್ಯತೆ ಶೇಕಡಾ ಎಷ್ಟು ಎಂದು ಕೃತಕ ಬುದ್ಧಿಮತ್ತೆ ಹೇಳುತ್ತದೆ. ಆಟ ಸಾಗಿದಂತೆ ಅಂಕಿಯೂ ಬದಲಾಗುತ್ತದೆ. ಮುಂದಿರುವವರಿಗೆ ಹೆಚ್ಚು, ಹಿಂದಿರುವವರಿಗೆ ಕಡಿಮೆ. ಇದೇ ಸಮಾಚಾರವನ್ನು ನೂರು ವರ್ಷಗಳಿಂದ ಸ್ಕೋರು ಹಲಗೆ ಒಂದು ಪೈಸೆ ವಿದ್ಯುತ್ ಕೇಳದೆ ಹೇಳುತ್ತಿತ್ತು ಎಂದು ಯಾರಾದರೂ ನೆನಪಿಸಬೇಕು. ಅದೇ ಟೂರ್ನಿಯಲ್ಲಿ 147 ವರ್ಷಗಳಿಂದ ಗೆರೆ ಕಾಯುತ್ತಿದ್ದ ತೀರ್ಪುಗಾರರನ್ನು ಮನೆಗೆ ಕಳುಹಿಸಿ, ಚೆಂಡು ಒಳಗೋ ಹೊರಗೋ ಎಂದು ಹೇಳುವ ಕೆಲಸವನ್ನೂ ಯಂತ್ರಕ್ಕೆ ಒಪ್ಪಿಸಲಾಗಿತ್ತು. ಪಾವ್ಲ್ಯುಚೆಂಕೋವಾ ಮತ್ತು ಸೊನಾಯ್ ಕಾರ್ಟಲ್ ನಡುವಿನ ಪಂದ್ಯದಲ್ಲಿ ಚೆಂಡು ಕಣ್ಣಿಗೆ ಕಾಣುವಷ್ಟು ಆಚೆ ಬಿದ್ದರೂ ಯಂತ್ರ ಮೌನ. ವಿಚಾರಿಸಿದರೆ, ಅಂಕಣದ ಆ ಭಾಗದಲ್ಲಿ ವ್ಯವಸ್ಥೆಯನ್ನು ಯಾರೋ ತಪ್ಪಿ ಬಂದ್ ಮಾಡಿದ್ದರು. ಈಗಷ್ಟೇ ಬಿದ್ದ ಚೆಂಡು ಎಲ್ಲಿ ಬಿತ್ತು ಎಂದು ಹೇಳಲು ಸ್ವಿಚ್ಚು ಬೇಕು. ಭಾನುವಾರ ಸಂಜೆ ಕಪ್ ಯಾರ ಕೈಗೆ ಬೀಳುತ್ತದೆ ಎಂಬುದಕ್ಕೆ ಮಾತ್ರ ಶೇಕಡಾ ಲೆಕ್ಕ ಸದಾ ಚಾಲೂ.

ಇನ್ನು ಈ ಆಟದ ಲೆಕ್ಕವೇ ಹಟಮಾರಿ. 2019ರ ವಿಂಬಲ್ಡನ್ ಪುರುಷರ ಫೈನಲ್‌ನಲ್ಲಿ ಫೆಡರರ್ ಗೆದ್ದ ಪಾಯಿಂಟ್ 218, ಜೊಕೊವಿಚ್ ಗೆದ್ದದ್ದು 204. ಐದನೇ ಸೆಟ್‌ನಲ್ಲಿ 8–7, 40–15, ಸರ್ವ್ ಫೆಡರರ್ ಕೈಯಲ್ಲಿ. ಇನ್ನೊಂದೇ ಪಾಯಿಂಟ್ ಸಾಕು, ಎರಡು ಅವಕಾಶ ಇದೆ. ಕಪ್ ಜೊಕೊವಿಚ್‌ಗೆ ಹೋಯಿತು. ಕ್ರಿಕೆಟ್‌ನಲ್ಲಿ ಹದಿನಾಲ್ಕು ರನ್ ಹೆಚ್ಚು ಹೊಡೆದ ತಂಡ ಸೋತಿತು ಎಂದರೆ ನಾವು ಮೈದಾನಕ್ಕೆ ಬಾಟಲಿ ಎಸೆಯುತ್ತೇವೆ. ಟೆನಿಸ್‌ನಲ್ಲಿ ಪ್ರತಿ ಗೇಮ್ ಮುಗಿದೊಡನೆ ಹಳೆಯ ಪಾಯಿಂಟ್‌ಗಳನ್ನೆಲ್ಲ ಒರೆಸಿ ಸೊನ್ನೆಯಿಂದ ಶುರುಮಾಡುತ್ತಾರೆ. ಯಾವುದನ್ನು ಗೆದ್ದಿರಿ ಎಂಬುದು ಮುಖ್ಯ, ಎಷ್ಟು ಗೆದ್ದಿರಿ ಎಂಬುದಲ್ಲ. ಫೆಡರರ್ ಅವರೇ 2024ರಲ್ಲಿ ಅಮೆರಿಕದ ಡಾರ್ಟ್‌ಮತ್ ಕಾಲೇಜಿನ ಘಟಿಕೋತ್ಸವದಲ್ಲಿ ಲೆಕ್ಕ ಒಪ್ಪಿಸಿದರು: ಆಡಿದ 1,526 ಸಿಂಗಲ್ಸ್ ಪಂದ್ಯಗಳಲ್ಲಿ ಹೆಚ್ಚುಕಡಿಮೆ ಶೇ 80 ಗೆದ್ದಿದ್ದಾರೆ, ಆದರೆ ಪಾಯಿಂಟ್‌ಗಳಲ್ಲಿ ಗೆದ್ದದ್ದು ಶೇ 54 ಮಾತ್ರ. ನೂರಕ್ಕೆ ನಲವತ್ತಾರು ಪಾಯಿಂಟ್ ಸೋಲುತ್ತಿದ್ದವರನ್ನು ನಾವು ಆಟದ ದೇವರು ಎಂದೆವು. ಆ ಸಣ್ಣ ಅಂತರದ ಸಂದಿಯಲ್ಲಿ ಕೂತು, ‘ನಾಲ್ಕು ಸೆಟ್‌ಗಳಲ್ಲಿ, ಮೂರನೆಯದು ಟೈಬ್ರೇಕರ್’ ಎಂದು ಹೇಳುವವರ ಧೈರ್ಯಕ್ಕೆ ಪದಕ ಕೊಡಬೇಕು.

ಅಂಥ ಧೈರ್ಯ ನನ್ನಲ್ಲೂ ಒಂದು ರಾತ್ರಿ ಉಕ್ಕಿತ್ತು. ಜುಲೈ 7, ನಾಲ್ಕನೇ ಸುತ್ತು. ಡಿಮಿಟ್ರೋವ್ ಎದುರು ಅಗ್ರ ಶ್ರೇಯಾಂಕದ ಯಾನಿಕ್ ಸಿನ್ನರ್ ಎರಡು ಸೆಟ್ ಹಿಂದೆ, ಜೊತೆಗೆ ಬಿದ್ದು ಮೊಣಕೈ ನೋಯಿಸಿಕೊಂಡಿದ್ದಾರೆ. ಡಿಮಿಟ್ರೋವ್ ಒಂಟಿಗೈಯ ಬ್ಯಾಕ್‌ಹ್ಯಾಂಡನ್ನು ಬೆಣ್ಣೆಗೆ ಚಾಕು ಹಾಕಿದಂತೆ ಇಳಿಸುತ್ತಿದ್ದಾರೆ. ನಾನು ಎದ್ದು ಹೋಗಿ ಫ್ರಿಜ್ಜಿನ ಪಟ್ಟಿಯಲ್ಲಿ ಸಿನ್ನರ್ ಹೆಸರಿನ ಮೇಲೆ ಅಡ್ಡಗೆರೆ ಎಳೆದು, ಪೆನ್ನಿನ ಕ್ಯಾಪ್ ಹಾಕಿ, ಒಂದು ಲೋಟ ನೀರು ಕುಡಿದು ಬಂದೆ. ಬರುವಷ್ಟರಲ್ಲಿ ಮೂರನೇ ಸೆಟ್ 2–2. ಡಿಮಿಟ್ರೋವ್ ನೆಲಕ್ಕೆ ಕುಸಿದು ಎದೆಯ ಬಲಭಾಗವನ್ನು ಹಿಡಿದುಕೊಂಡಿದ್ದರು. ಸಿನ್ನರ್ ನೆಟ್ ದಾಟಿ ಅವರ ಬಳಿಗೆ ಬಂದರು. ಡಿಮಿಟ್ರೋವ್ ಅವರ ಬಲತೋಳು ಮತ್ತೆ ಏಳಲಿಲ್ಲ, ಪಂದ್ಯ ಬಿಟ್ಟುಕೊಟ್ಟರು. ಒಂದು ಸೆಟ್ಟನ್ನೂ ಗೆಲ್ಲದ ಸಿನ್ನರ್ ಮುಂದಿನ ಸುತ್ತಿಗೆ ಹೋದರು. ಗೆದ್ದವರ ಮುಖದಲ್ಲಿ ಸೋತವರಷ್ಟೇ ಸಂಕಟ. ನಗು ಬರುವ ಸಂಗತಿ ಅದಲ್ಲ. ನಗು ಬಂದದ್ದು ಅರ್ಧ ಗಂಟೆಯ ನಂತರ, ‘ಚಾಂಪಿಯನ್ನರಿಗೆ ಕಷ್ಟದ ಪಂದ್ಯ ಗೆಲ್ಲುವ ಕಲೆ ಗೊತ್ತಿರುತ್ತದೆ’ ಎಂಬ ವಿಶ್ಲೇಷಣೆ ಕೇಳಿದಾಗ.

ಹೂವಿನಹಡಗಲಿ ತಾಲ್ಲೂಕಿನ ಮೈಲಾರದಲ್ಲಿ ಭರತ ಹುಣ್ಣಿಮೆಯ ಜಾತ್ರೆಯ ವೇಳೆ ಕಾರಣಿಕ ನಡೆಯುತ್ತದಲ್ಲ, ಅದನ್ನು ಇವರೆಲ್ಲ ಒಮ್ಮೆ ನೋಡಬೇಕು. ಗೊರವಯ್ಯ ದಿನಗಟ್ಟಲೆ ಉಪವಾಸ ಮಾಡಿ, ಎತ್ತರದ ಬಿಲ್ಲನ್ನೇರಿ, ‘ಸದ್ದಲೇ’ ಎಂದು ಕೂಗುತ್ತಾನೆ. ಲಕ್ಷಾಂತರ ಜನ ಗಪ್ಪಾಗುತ್ತಾರೆ. ವಿಂಬಲ್ಡನ್‌ನ ಅಂಪೈರ್ ‘ಕ್ವೈಟ್, ಪ್ಲೀಸ್’ ಎಂದಂತೆಯೇ. ಆಮೇಲೆ ಒಂದೇ ಒಂದು ಸಾಲು ನುಡಿದು ಮೇಲಿನಿಂದ ಕೆಳಕ್ಕೆ ಬೀಳುತ್ತಾನೆ. ಆ ಸಾಲಿಗೆ ಮಳೆ, ಬೆಳೆ, ಸರ್ಕಾರ ಎಂದು ಅರ್ಥ ಹಚ್ಚುವುದು ಕೇಳಿದವರ ಪಾಡು. ಅವನದ್ದೂ ಭವಿಷ್ಯವೇ, ಒಗಟಿನಂತೆಯೇ ಇರುತ್ತದೆ. ಆದರೆ ಒಂದು ಸಾಲು ನುಡಿದದ್ದಕ್ಕೆ ಅವನು ಬೀಳುತ್ತಾನೆ. ನಮ್ಮ ವಿಶ್ಲೇಷಕರು ಉಪವಾಸವಿಲ್ಲದೆ ಹದಿನಾಲ್ಕು ದಿನ ನುಡಿಯುತ್ತಾರೆ, ಒಬ್ಬರೂ ಕುರ್ಚಿಯಿಂದ ಜಾರಿದ್ದನ್ನು ನಾನು ಕಂಡಿಲ್ಲ.

ಈ ಗದ್ದಲ ಸೋಕದ ಜಾಗ ಒಂದಿದೆ, ಡಬಲ್ಸ್. ಅಲ್ಲಿ ಯಾರು ಗೆಲ್ಲುತ್ತಾರೆ ಎಂದು ಕೇಳುವವರೇ ಕಡಿಮೆ. ನಮ್ಮ ಕೊಡಗಿನ ರೋಹನ್ ಬೋಪಣ್ಣ 43ನೇ ವಯಸ್ಸಿನಲ್ಲಿ, 2024ರ ಜನವರಿಯಲ್ಲಿ, ಮ್ಯಾಥ್ಯೂ ಎಬ್ಡೆನ್ ಜೊತೆ ಆಸ್ಟ್ರೇಲಿಯನ್ ಓಪನ್ ಗೆದ್ದರು, ವಿಶ್ವದ ಒಂದನೇ ಸ್ಥಾನಕ್ಕೂ ಏರಿದರು. ಅದಕ್ಕೆ ಕೆಲವು ವರ್ಷ ಮೊದಲು ಪಂದ್ಯಗಳನ್ನೇ ಗೆಲ್ಲಲಾಗದೆ, ಆಟ ನಿಲ್ಲಿಸುತ್ತೇನೆ ಎಂದು ಹೆಂಡತಿಗೆ ವಿಡಿಯೊ ಸಂದೇಶ ಕಳುಹಿಸಿದ್ದೆ ಎಂದು ಅವರೇ ಹೇಳಿಕೊಂಡಿದ್ದಾರೆ. ಅಂದರೆ ಬೋಪಣ್ಣ ಅವರ ಬಗ್ಗೆ ಬೋಪಣ್ಣ ಅವರೇ ನುಡಿದ ಭವಿಷ್ಯವೂ ತಪ್ಪಿತು.

ಮತ್ತೆ 2025ರ ವಿಂಬಲ್ಡನ್‌ಗೆ, ಸಿನ್ನರ್ ಮತ್ತು ಸ್ಪೇನಿನ ಕಾರ್ಲೋಸ್ ಅಲ್ಕರಾಜ್ ನಡುವಿನ ಪುರುಷರ ಫೈನಲ್‌ಗೆ ಬರೋಣ. ಅಲ್ಕರಾಜ್ ಹಿಂದಿನ ಎರಡು ವರ್ಷಗಳ ಚಾಂಪಿಯನ್, ಸತತ 24 ಪಂದ್ಯ ಗೆದ್ದವರು, ಸಿನ್ನರ್ ಅವರನ್ನು ಸತತ ಐದು ಸಲ ಸೋಲಿಸಿದವರು. ಐದನೆಯದು ಐದು ವಾರ ಹಿಂದಿನ ಪ್ಯಾರಿಸ್ ಫೈನಲ್: ಸಿನ್ನರ್‌ಗೆ ಮೂರು ಚಾಂಪಿಯನ್‌ಶಿಪ್ ಪಾಯಿಂಟ್ ಇದ್ದಾಗ, ಐದೂವರೆ ಗಂಟೆಗೆ ಒಂದು ನಿಮಿಷ ಕಡಿಮೆ ಆಡಿ, ಬಾಯಿಗೆ ಬಂದ ತುತ್ತನ್ನು ಕಸಿದುಕೊಂಡಿದ್ದರು. ‘ಅಲ್ಕರಾಜ್ ಗೆಲ್ಲುವ ಸಾಧ್ಯತೆ ಹೆಚ್ಚು, ಆದರೆ ಸಿನ್ನರ್ ಅವರನ್ನು ಕಡೆಗಣಿಸುವಂತಿಲ್ಲ’ ಎಂಬಲ್ಲಿಗೆ ಚರ್ಚೆ ನಿಂತಿತು. ಜೋಯಿಸರಾಗಿದ್ದರೆ ಇದನ್ನು ಮೂರೇ ಪದದಲ್ಲಿ ಮುಗಿಸುತ್ತಿದ್ದರು: ಸಿನ್ನರ್ ಅಲ್ಲ ಅಲ್ಕರಾಜ್. ಮೊದಲ ಸೆಟ್ ಅಲ್ಕರಾಜ್‌ಗೆ ಹೋದಾಗ ಅಲ್ಪವಿರಾಮ ‘ಅಲ್ಲ’ದ ಬಲಕ್ಕೆ ನಿಂತಿತ್ತು. ಮುಂದಿನ ಮೂರು ಸೆಟ್‌ಗಳನ್ನು ಸಿನ್ನರ್ 6–4, 6–4, 6–4ರಿಂದ ಗೆದ್ದಾಗ ಸದ್ದಿಲ್ಲದೆ ಎಡಕ್ಕೆ ಸರಿಯಿತು.

ಸೆಪ್ಟೆಂಬರ್ ಬಂತು. ನ್ಯೂಯಾರ್ಕ್‌ನಲ್ಲಿ ಅಮೆರಿಕ ಓಪನ್ ಕ್ವಾರ್ಟರ್‌ಫೈನಲ್‌ನಲ್ಲಿ ಮತ್ತೆ ಶ್ವಾಂಟೆಕ್, ಮತ್ತೆ ಅವರೆದುರು ಅಮಂಡಾ ಅನಿಸಿಮೋವಾ, ಅದೇ ಎರಡು ಸೊನ್ನೆಗಳ ಅನಿಸಿಮೋವಾ. ಎರಡು ತಿಂಗಳೂ ಆಗಿರಲಿಲ್ಲ. ಅಂದು ಸಂಜೆ ಭಾವನ ಫೋನ್ ಬಂತು.

“ಇದಕ್ಕೆ ಭವಿಷ್ಯ ಬೇರೆ ಬೇಕೇ? ಇಗಾ, ನೇರ ಸೆಟ್. ಬರೆದಿಟ್ಟುಕೋ. ಈ ಸಲ ‘ರೆ’ ಇಲ್ಲ. ನೀನು ಏನು ಹೇಳುತ್ತೀಯ?”

ಯೋಚಿಸಿ ಸಂದೇಶ ಕಳುಹಿಸುತ್ತೇನೆ ಎಂದೆ. ರಾತ್ರಿ ಪಂದ್ಯ ಶುರುವಾಗುವ ಮೊದಲು ಮೂರು ಪದ ಟೈಪ್ ಮಾಡಿ ಕಳುಹಿಸಿ ಮಲಗಿದೆ: ‘ಇಗಾ ಅಲ್ಲ ಅಮಂಡಾ’. ಬೆಳಿಗ್ಗೆ ಎದ್ದು ನೋಡಿದರೆ ಅನಿಸಿಮೋವಾ 6–4, 6–3ರಿಂದ ಗೆದ್ದಿದ್ದರು. ಅದರ ಕೆಳಗೆ ಭಾವನ ಉತ್ತರವಿತ್ತು: ‘ಅದು ಹೇಗೆ ಗೊತ್ತಾಯಿತು ನಿನಗೆ? ಫೈನಲ್ ಯಾರು ಗೆಲ್ಲುತ್ತಾರೆ, ಅದನ್ನೂ ಹೇಳಿಬಿಡು.’